ಅಕ್ಸೆಸ್‌ನಿಂದ ಎಕ್ಸೆಲ್ ನಡೆಸುವ ಕೋಡಿನ ದುರಸ್ತಿ: ತಿಕೋಟಾ ಬಳಿಯ ಶೀತಲಗೃಹವೊಂದರ ಲೆಕ್ಕಪತ್ರ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಆವಕ-ಜಾವಕವೆಲ್ಲ ಮೈಕ್ರೋಸಾಫ್ಟ್ ಅಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಯಾವ ಬೆಳೆಗಾರರ ಯಾವ ಲಾಟ್ ಎಂದು ಬಂತು, ಎಷ್ಟು ಬಾಕ್ಸ್, ಎಷ್ಟು ತೂಕ, ಬಾಡಿಗೆ ಎಷ್ಟಾಯಿತು, ಮುಂಗಡವಾಗಿ ಎಷ್ಟು ಕೊಡಲಾಗಿದೆ ಎಂಬುದನ್ನೆಲ್ಲ ಗುಮಾಸ್ತರು ಅದರಲ್ಲಿ ತುಂಬುತ್ತಾರೆ. ಆದರೆ ಬೆಳೆಗಾರರಿಗೂ, ವಿಜಯಪುರ, ಸಾಂಗಲಿ, ತಾಸಗಾಂವಗಳ ವ್ಯಾಪಾರಿಗಳಿಗೂ ಹೋಗುವ ಪಟ್ಟಿ ಮಾತ್ರ ಎಕ್ಸೆಲ್ ಹಾಳೆಯಲ್ಲೇ ಇರಬೇಕು. ಏಕೆಂದರೆ ಅವರು ಅದರ ಪಕ್ಕದಲ್ಲಿ ತಮ್ಮದೇ ದರದ ಕಾಲಂ ಸೇರಿಸಿ ಲೆಕ್ಕ ಹಾಕಿಕೊಳ್ಳುತ್ತಾರೆ. ಹೀಗಾಗಿ ಅಕ್ಸೆಸ್‌ನ ಒಂದು ಫಾರ್ಮಿನಲ್ಲಿ ಬಟನ್ ಒತ್ತಿದರೆ ವಿಬಿಎ (ಆಫೀಸ್ ತಂತ್ರಾಂಶಗಳೊಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡು ಎಕ್ಸೆಲ್ಲನ್ನು ತೆರೆದು, ಪಟ್ಟಿಯನ್ನು ತುಂಬಿ, ಉಳಿಸಿ, ಮುಚ್ಚಬೇಕೆಂಬ ವ್ಯವಸ್ಥೆಯನ್ನು ಹಿಂದೆ ಯಾರೋ ಮಾಡಿಕೊಟ್ಟಿದ್ದರು. ನನ್ನ ಕೈಗೆ ಬಂದದ್ದು ಅದರ ದುರಸ್ತಿ.

ದೂರನ್ನು ಗುಮಾಸ್ತರು ಹೇಳಿದ್ದು ಹೀಗೆ: "ಮುಂಜಾನಿ ಒಮ್ಮೆ ಬರ್ತೈತ್ರಿ ಸರ, ಮತ್ತೊಮ್ಮೆ ಒತ್ತಿದ್ರ ಬರಂಗಿಲ್ಲ. ಅಕ್ಸೆಸ್ ಬಂದ್ ಮಾಡಿ ತೆಗದ್ರ ಮತ್ತ ಬರ್ತೈತಿ." ಅನುಭವವಿರುವವರಿಗೆ ಈ ಮೂರು ಮಾತಿನಲ್ಲೇ ರೋಗದ ಗುರುತು ಸಿಗುತ್ತದೆ. ಎರಡನೆಯ ಸಲ ಬರುವ ದೋಷ ಸಾಮಾನ್ಯವಾಗಿ 462 ಅಥವಾ 1004. ಮೊದಲನೆಯದು ದೂರದ ಸರ್ವರ್ ಸಿಗುತ್ತಿಲ್ಲವೆಂದು ಹೇಳುತ್ತದೆ, ಎರಡನೆಯದು ಹಾಳೆಯ ಸೆಲ್ಲುಗಳನ್ನು ಸೂಚಿಸುವ ರೇಂಜ್ ಎಂಬ ಮೆಥಡ್ ವಿಫಲವಾಯಿತೆನ್ನುತ್ತದೆ. ದೂರದ ಸರ್ವರ್ ಎಂಬ ಮಾತನ್ನು ನಂಬಿ ನೆಟ್‌ವರ್ಕ್ ಕೇಬಲ್ ಬದಲಿಸಿದವರೂ ಇದ್ದಾರೆ. ಇಲ್ಲಿ ಸರ್ವರ್ ಎಂದರೆ ಅದೇ ಕಂಪ್ಯೂಟರಿನೊಳಗೆ ಓಡುತ್ತಿರುವ ಎಕ್ಸೆಲ್. ಆಟೊಮೇಶನ್‌ನಲ್ಲಿ, ಅಂದರೆ ಒಂದು ತಂತ್ರಾಂಶ ಇನ್ನೊಂದನ್ನು ನಡೆಸುವಲ್ಲಿ, ಅಕ್ಸೆಸ್ ಗಿರಾಕಿ, ಎಕ್ಸೆಲ್ ಸೇವಕ. ಎರಡೂ ಬೇರೆ ಬೇರೆ ಪ್ರಕ್ರಿಯೆಗಳು.

ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಬಟನ್ ಒತ್ತಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು. ಕೋಡಿನ ಕೊನೆಯಲ್ಲಿ ಎಕ್ಸೆಲ್ ಮುಚ್ಚುವ ಕ್ವಿಟ್ ಇತ್ತು, ವೇರಿಯೇಬಲ್ಲುಗಳ ಹಿಡಿತ ಬಿಡಿಸಲು ಅವುಗಳಿಗೆ ನಥಿಂಗ್ ಕೊಟ್ಟದ್ದೂ ಇತ್ತು. ಆದರೂ ಹಿನ್ನೆಲೆಯಲ್ಲಿ ಎಕ್ಸೆಲ್ ಹಾಗೆಯೇ ಉಳಿದಿತ್ತು, ಅಕ್ಸೆಸ್ ಮುಚ್ಚಿದೊಡನೆ ಅದೂ ಮಾಯವಾಯಿತು. ಅಂದರೆ ಕೋಡಿನಲ್ಲಿ ಕಾಣುವ ವೇರಿಯೇಬಲ್ಲುಗಳನ್ನು ಬಿಟ್ಟು, ಕಣ್ಣಿಗೆ ಬೀಳದ ಇನ್ನೊಂದು ಹಿಡಿತ ಎಕ್ಸೆಲ್ ಮೇಲೆ ಇತ್ತು, ಮತ್ತು ಅದು ಅಕ್ಸೆಸ್ ಜೀವಂತವಾಗಿರುವವರೆಗೂ ಸಡಿಲವಾಗುತ್ತಿರಲಿಲ್ಲ.

ಆ ಹಿಡಿತ ಹುಟ್ಟುವುದು ಒಡೆಯನಿಲ್ಲದ, ಅಂದರೆ ಯಾವ ಎಕ್ಸೆಲ್ಲಿನದೆಂದು ಹೇಳದ, ಪದಗಳಿಂದ. ಎಕ್ಸೆಲ್ಲಿನಲ್ಲಿ ಮ್ಯಾಕ್ರೋ ರೆಕಾರ್ಡ್ ಮಾಡಿ ಆ ಸಾಲುಗಳನ್ನು ಅಕ್ಸೆಸ್‌ಗೆ ತಂದು ಅಂಟಿಸಿದಾಗ ರೇಂಜ್, ಸೆಲ್ಸ್, ಆಕ್ಟಿವ್‌ಶೀಟ್, ಸೆಲೆಕ್ಷನ್ ಎಂಬ ಪದಗಳು ಹಿಂದೆ ಮುಂದೆ ಏನೂ ಇಲ್ಲದೆ ಬರುತ್ತವೆ. ಎಕ್ಸೆಲ್ಲಿನೊಳಗೆ ಅದು ಸರಿ. ಯಾವ ಎಕ್ಸೆಲ್ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಅಕ್ಸೆಸ್‌ನೊಳಗೆ ಬರಿದೇ ರೇಂಜ್ ಎಂದು ಬರೆಯುವುದೆಂದರೆ ಊರಿನ ಹೆಸರಿಲ್ಲದೆ ‘ಗೌಡರ ಮನಿ’ ಎಂದಷ್ಟೇ ಬರೆದು ಕಾಗದ ಹಾಕಿದಂತೆ. ವಿಬಿಎ ಸುಮ್ಮನಿರುವುದಿಲ್ಲ, ಎಕ್ಸೆಲ್ ಲೈಬ್ರರಿಗೆ (ಎಕ್ಸೆಲ್ಲಿನ ಪದಗಳ ಪಟ್ಟಿಗೆ) ರೆಫರೆನ್ಸ್, ಅಂದರೆ ಜೋಡಣೆ, ಇದ್ದರೆ ತಾನೇ ಒಂದು ಗುಪ್ತ ಗ್ಲೋಬಲ್ ಆಬ್ಜೆಕ್ಟನ್ನು ಸೃಷ್ಟಿಸಿಕೊಂಡು ಅದರ ಮೂಲಕ ಕೆಲಸ ನಡೆಸುತ್ತದೆ. ಅದನ್ನು ಬಿಡುಗಡೆ ಮಾಡಲು ನಮ್ಮ ಬಳಿ ವೇರಿಯೇಬಲ್ ಇಲ್ಲ. ಮೊದಲ ಸಲ ಕೆಲಸವಾಗುತ್ತದೆ; ಕ್ವಿಟ್ ಹೇಳಿದ ಮೇಲೂ ಗುಪ್ತ ಹಿಡಿತ ಉಳಿಯುತ್ತದೆ; ಎರಡನೆಯ ಸಲ ಅದೇ ಹಿಡಿತ ಕ್ವಿಟ್ ಹೇಳಿಸಿಕೊಂಡ ಹಳೆಯ ಎಕ್ಸೆಲ್ಲನ್ನು ಹುಡುಕಿ ಸೋಲುತ್ತದೆ.

ಹಳೆಯ ಕೋಡಿನಲ್ಲಿ ಇಂಥ ಪದಗಳಲ್ಲಿ ಕೆಲವು ಕಣ್ಣಿಗೆ ಸುಲಭವಾಗಿ ಬಿದ್ದವು, ಕೆಲವು ಬೀಳಲಿಲ್ಲ. ಸಾಲಿನ ಮೊದಲಲ್ಲೇ ಇರುವ ರೇಂಜ್ ಯಾರಿಗಾದರೂ ಕಾಣುತ್ತದೆ. ಆದರೆ ಹಾಳೆಯ ವೇರಿಯೇಬಲ್ ಮುಂದಿಟ್ಟು ರೇಂಜ್ ಎಂದು ಬರೆದು, ಅದರ ಆವರಣದೊಳಗೆ ಸೆಲ್ಸ್(1, 1), ಸೆಲ್ಸ್(5, 8) ಎಂದು ಬಿಟ್ಟಿರುವ ಕಡೆ ಹೊರಗಿನ ರೇಂಜಿಗೆ ಒಡೆಯನಿದ್ದಾನೆ, ಒಳಗಿನ ಎರಡು ಸೆಲ್ಸ್‌ಗಳಿಗೆ ಇಲ್ಲ. ಸಾರ್ಟ್ ಮಾಡುವ ಸಾಲಿನಲ್ಲಿ ಕೀ ಎಂದು ಕೊಡುವ ರೇಂಜ್ ಕೂಡ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. ನೂರಾರು ಸಾಲುಗಳಲ್ಲಿ ಇವನ್ನು ಕಣ್ಣಿನಿಂದ ಆರಿಸುವುದು ಜೋಳದಲ್ಲಿ ಹರಳು ಹುಡುಕುವುದಕ್ಕಿಂತ ಬೇಸರದ ಕೆಲಸ, ಮತ್ತು ಒಂದೇ ಒಂದು ಉಳಿದರೂ ರೋಗ ಹೋಗುವುದಿಲ್ಲ.

ಆದ್ದರಿಂದ ಈ ಕೆಲಸವನ್ನು, ಕೋಡು ಓಡುವ ಮೊದಲು ಅದನ್ನು ಪರಿಶೀಲಿಸುವ ಕಂಪೈಲರಿಗೇ ಒಪ್ಪಿಸಿದೆ. ವಿಬಿಎ ಕಿಟಕಿಯ ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆದು ಎಕ್ಸೆಲ್ ಆಬ್ಜೆಕ್ಟ್ ಲೈಬ್ರರಿಯ ಮುಂದಿನ ಗುರುತನ್ನು ತೆಗೆದುಹಾಕಿ, ಪ್ರತಿ ಮಾಡ್ಯೂಲಿನ ತಲೆಯಲ್ಲಿ, ಘೋಷಿಸದ ಹೆಸರನ್ನು ಒಪ್ಪದ ಆಪ್ಷನ್ ಎಕ್ಸ್‌ಪ್ಲಿಸಿಟ್ ಇದೆಯೆಂದು ಖಚಿತಪಡಿಸಿಕೊಂಡು, ಎಕ್ಸೆಲ್ ಪ್ರಕಾರದ ವೇರಿಯೇಬಲ್ಲುಗಳನ್ನೆಲ್ಲ ಬರಿಯ ಆಬ್ಜೆಕ್ಟ್ ಎಂದು ಘೋಷಿಸಿ ಕಂಪೈಲ್ ಮಾಡಿದರೆ, ಒಡೆಯನಿಲ್ಲದ ಪ್ರತಿಯೊಂದು ರೇಂಜ್ ಮತ್ತು ಸೆಲ್ಸ್ ಮೇಲೆ ‘ಸಬ್ ಆರ್ ಫಂಕ್ಷನ್ ನಾಟ್ ಡಿಫೈನ್ಡ್’ ಎಂದು ಕೋಡು ನಿಲ್ಲುತ್ತದೆ. ಆಕ್ಟಿವ್‌ಶೀಟ್, ಸೆಲೆಕ್ಷನ್‌ಗಳ ಮೇಲೆ ‘ವೇರಿಯೇಬಲ್ ನಾಟ್ ಡಿಫೈನ್ಡ್’ ಎಂದು ನಿಲ್ಲುತ್ತದೆ. ಒಂದೊಂದನ್ನೇ ಸರಿಪಡಿಸುತ್ತ ಕಂಪೈಲ್ ಪೂರ್ತಿಯಾಗುವವರೆಗೆ ಹೋದರೆ ಮುಗಿಯಿತು. ಸೆಲೆಕ್ಷನ್‌ಗಳನ್ನು ಮಾತ್ರ ನಾನು ಸರಿಪಡಿಸದೆ ಕಿತ್ತೇ ಹಾಕಿದೆ. ಮೊದಲು ಆಯ್ಕೆ ಮಾಡಿ ಆಮೇಲೆ ಬಣ್ಣ ಹಾಕುವುದು ರೆಕಾರ್ಡರಿನ ಚಾಳಿ. ಕೋಡಿಗೆ ಅದರ ಅಗತ್ಯವಿಲ್ಲ.

ಒಂದು ಪದ ಈ ಜರಡಿಯಲ್ಲಿ ನಿಲ್ಲುವುದಿಲ್ಲ, ಅದು ಅಪ್ಲಿಕೇಶನ್. ಅಕ್ಸೆಸ್‌ನೊಳಗೆ ಬರಿಯ ಅಪ್ಲಿಕೇಶನ್ ಎಂದರೆ ಅಕ್ಸೆಸ್ ತಾನೇ. ಅದರ ಮುಂದೆ ಎಕ್ಸೆಲ್ಲಿಗೆ ಮಾತ್ರ ಇರುವ ಗುಣವನ್ನು ಬರೆದಿದ್ದರೆ ಕಂಪೈಲರ್ ಹಿಡಿಯುತ್ತದೆ. ಆದರೆ ಕ್ವಿಟ್ ಎರಡಕ್ಕೂ ಇದೆ. ಎಕ್ಸೆಲ್ ಮುಚ್ಚಲೆಂದು ಬರೆದ ಸಾಲು ಗುಮಾಸ್ತರ ಕಣ್ಣೆದುರೇ ಅಕ್ಸೆಸ್ಸನ್ನು ಮುಚ್ಚಿ ಕೂರುತ್ತದೆ. ಇದನ್ನು ಹುಡುಕಿ ನೋಡಲೇಬೇಕು.

ರೆಫರೆನ್ಸ್ ತೆಗೆದದ್ದರಿಂದ ಎರಡನೆಯ ತೊಂದರೆಯೊಂದೂ ತಾನಾಗಿ ಬಗೆಹರಿಯಿತು. ಆ ಕಚೇರಿಯಲ್ಲಿ ಒಂದು ಕಂಪ್ಯೂಟರಿನಲ್ಲಿ ಆಫೀಸ್ 2010 ಇದೆ, ಇನ್ನೊಂದರಲ್ಲಿ ಅದಕ್ಕಿಂತ ಹೊಸದು. 2010ರ ಎಕ್ಸೆಲ್ ಲೈಬ್ರರಿಯ ಸಂಖ್ಯೆ 14.0, 2013ರದು 15.0, 2016 ಮತ್ತು ಅದರ ನಂತರದವು 16.0. ಹಳೆಯದರಲ್ಲಿ ಸಿದ್ಧಪಡಿಸಿದ ಕಡತವನ್ನು ಹೊಸದರಲ್ಲಿ ತೆರೆದರೆ ರೆಫರೆನ್ಸ್ ಸದ್ದಿಲ್ಲದೆ ಮೇಲಿನ ಸಂಖ್ಯೆಗೆ ಏರುತ್ತದೆ, ಆದರೆ ಅದೇ ಕಡತ ಹಳೆಯ ಕಂಪ್ಯೂಟರಿಗೆ ಮರಳಿದಾಗ ಕೆಳಗೆ ಇಳಿಯುವುದಿಲ್ಲ. ಪಟ್ಟಿಯಲ್ಲಿ ‘ಮಿಸ್ಸಿಂಗ್’ ಎಂದು ತೋರಿಸುತ್ತದೆ. ವಿಚಿತ್ರವೆಂದರೆ ಆಗ ಕೆಡುವುದು ಎಕ್ಸೆಲ್ ಸಾಲುಗಳಷ್ಟೇ ಅಲ್ಲ, ಅದಕ್ಕೆ ಸಂಬಂಧವೇ ಇಲ್ಲದ ಲೆಫ್ಟ್, ಡೇಟ್ ಮೊದಲಾದ ಸಾಧಾರಣ ಫಂಕ್ಷನ್ನುಗಳ ಮೇಲೂ ಲೈಬ್ರರಿ ಸಿಗುತ್ತಿಲ್ಲವೆಂಬ ದೋಷ ಬರುತ್ತದೆ. ಕ್ರಿಯೇಟ್‌ಆಬ್ಜೆಕ್ಟ್ ಮೂಲಕ ಓಡುವ ವೇಳೆಯಲ್ಲಿ ಎಕ್ಸೆಲ್ಲನ್ನು ಹುಡುಕಿಕೊಳ್ಳುವ ಲೇಟ್ ಬೈಂಡಿಂಗ್‌ನಲ್ಲಿ ಈ ಸಂಖ್ಯೆಯ ಗೊಡವೆಯೇ ಇಲ್ಲ.

ಅದಕ್ಕೆ ತೆರಬೇಕಾದ ಬೆಲೆ ಸಣ್ಣದು. ಬರೆಯುವಾಗ ಚುಕ್ಕೆ ಹಾಕಿದರೆ ಬರುತ್ತಿದ್ದ ಪಟ್ಟಿ ಬರುವುದಿಲ್ಲ, ಮತ್ತು ಎಕ್ಸೆಲ್ಲಿನ ಸ್ಥಿರಾಂಕಗಳ ಹೆಸರು ಅಕ್ಸೆಸ್‌ಗೆ ತಿಳಿಯುವುದಿಲ್ಲ. ಮೇಲ್ಮುಖವಾಗಿ ಕೊನೆಯ ತುಂಬಿದ ಸಾಲನ್ನು ಹುಡುಕುವ ಸ್ಥಿರಾಂಕ -4162, ಮಧ್ಯಕ್ಕೆ ಜೋಡಿಸುವುದು -4108, ಇಂದಿನ ವರ್ಕ್‌ಬುಕ್ ಸ್ವರೂಪದಲ್ಲಿ ಉಳಿಸುವುದು 51, ಪಿಡಿಎಫ್ 0. ಇವನ್ನು ಮಾಡ್ಯೂಲಿನ ತಲೆಯಲ್ಲಿ ಅದೇ ಹೆಸರಿನ ಕಾನ್‌ಸ್ಟ್‌ಗಳಾಗಿ ಬರೆದಿಟ್ಟರೆ ಉಳಿದ ಕೋಡನ್ನು ಮುಟ್ಟಬೇಕಾಗಿಲ್ಲ. ಹಾಗೆ ಬರೆಯದೆ ಬಿಟ್ಟು, ಆಪ್ಷನ್ ಎಕ್ಸ್‌ಪ್ಲಿಸಿಟ್ ಕೂಡ ಇಲ್ಲದಿದ್ದರೆ ಈ ಹೆಸರುಗಳು ಖಾಲಿ ವೇರಿಯೇಬಲ್ಲುಗಳಾಗಿ ಸೊನ್ನೆಯಂತೆ ವರ್ತಿಸಿ ದಾರಿ ತಪ್ಪಿಸುತ್ತವೆ.

ಇನ್ನು ಮಾಹಿತಿ ಸಾಗಿಸುವ ಭಾಗ. ಹಳೆಯ ಕೋಡು ರೆಕಾರ್ಡ್‌ಸೆಟ್ಟಿನ (ಡೇಟಾಬೇಸಿನಿಂದ ಆರಿಸಿ ತಂದ ಸಾಲುಗಳ ಗುಂಪು) ಪ್ರತಿ ಸಾಲಿನ ಪ್ರತಿ ಅಂಕಣವನ್ನು ಒಂದೊಂದೇ ಸೆಲ್ಲಿಗೆ ಬರೆಯುತ್ತಿತ್ತು. ಎರಡು ಪ್ರಕ್ರಿಯೆಗಳ ನಡುವೆ ಪ್ರತಿ ಬರವಣಿಗೆಯೂ ಒಂದು ಹೋಗಿಬರುವ ದಾರಿಯಾದ್ದರಿಂದ ಹಂಗಾಮಿನ ದೊಡ್ಡ ಪಟ್ಟಿಗೆ ಗುಮಾಸ್ತರು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಅದನ್ನೆಲ್ಲ ತೆಗೆದು ಕಾಪಿಫ್ರಮ್‌ರೆಕಾರ್ಡ್‌ಸೆಟ್ ಎಂಬ ಒಂದೇ ಮೆಥಡ್ ಹಾಕಿದೆ. ಪಟ್ಟಿ ಒಂದೇ ಏಟಿಗೆ ಬಂದು ಕೂರುತ್ತದೆ. ಇದರ ಕೆಲವು ಸ್ವಭಾವಗಳನ್ನು ತಿಳಿದಿರಬೇಕು. ಅದು ಅಂಕಣಗಳ ಹೆಸರನ್ನು ತರುವುದಿಲ್ಲ, ಮೌಲ್ಯಗಳನ್ನಷ್ಟೇ ತರುತ್ತದೆ. ಅದು ರೆಕಾರ್ಡ್‌ಸೆಟ್ ಸದ್ಯ ನಿಂತಿರುವ ಸಾಲಿನಿಂದ ಆರಂಭಿಸುತ್ತದೆ. ಒಟ್ಟು ಎಷ್ಟು ಸಾಲೆಂದು ಎಣಿಸಲು ಮೂವ್‌ಲಾಸ್ಟ್ ಹೇಳಿ ಮೂವ್‌ಫಸ್ಟ್ ಹೇಳದೆ ಬಿಟ್ಟರೆ ಕೊನೆಯ ಒಂದೇ ಲಾಟ್ ಹಾಳೆಗೆ ಬರುತ್ತದೆ, ದೋಷದ ಸಂದೇಶವೂ ಇರುವುದಿಲ್ಲ. ಎಣಿಸುವ ಅಗತ್ಯವೂ ಇಲ್ಲ, ಎಷ್ಟು ಸಾಲು ಇಳಿಸಿದೆನೆಂಬ ಸಂಖ್ಯೆಯನ್ನು ಅದೇ ಹಿಂದಿರುಗಿಸುತ್ತದೆ. ಆ ಸಂಖ್ಯೆಯನ್ನು ಹಿಡಿದು ಮೊತ್ತದ ಸಾಲು ಎಲ್ಲಿ ಬರಬೇಕೆಂದು ನಿರ್ಧರಿಸಿದೆ. ಮೊತ್ತವನ್ನು ಅಕ್ಸೆಸ್‌ನಲ್ಲಿ ಲೆಕ್ಕ ಹಾಕಿ ಬರೆಯದೆ ಸೂತ್ರವಾಗಿಯೇ ಇಟ್ಟೆ. ವ್ಯಾಪಾರಿ ಒಂದು ಲಾಟನ್ನು ತೆಗೆದರೆ ಮೊತ್ತ ತಾನೇ ಬದಲಾಗಬೇಕು.

ರೆಕಾರ್ಡ್‌ಸೆಟ್ ತೆರೆಯುವಾಗ 3061 ಎಂಬ ದೋಷ ಎದುರಾಯಿತು. ಬೇಕಾದ ಸಾಲುಗಳನ್ನು ಆರಿಸುವ ಕ್ವೆರಿಯೊಳಗೆ ಫಾರ್ಮಿನ ಪೆಟ್ಟಿಗೆಯಿಂದ ತಿಂಗಳನ್ನು ಓದುವ ಷರತ್ತು ಇದ್ದರೆ, ಕ್ವೆರಿಯನ್ನು ಕೈಯಿಂದ ತೆರೆದಾಗ ಅಕ್ಸೆಸ್ ಅದನ್ನು ತುಂಬಿಕೊಳ್ಳುತ್ತದೆ. ಓಪನ್‌ರೆಕಾರ್ಡ್‌ಸೆಟ್ ಮೂಲಕ ಹೋದಾಗ ಡೇಟಾಬೇಸ್ ಎಂಜಿನ್ನಿಗೆ ಫಾರ್ಮು ಕಾಣುವುದೇ ಇಲ್ಲ, ಆದ್ದರಿಂದ ಪ್ಯಾರಾಮೀಟರ್ ಸಾಲದೆನ್ನುತ್ತದೆ. ಕೋಡಿನಲ್ಲಿ ಆ ಕ್ವೆರಿಯನ್ನು ಪ್ರತಿನಿಧಿಸುವ ಕ್ವೆರಿಡೆಫ್ ತೆಗೆದುಕೊಂಡು, ಅದರ ಪ್ಯಾರಾಮೀಟರುಗಳನ್ನು ಸುತ್ತಿ, ಒಂದೊಂದರ ಹೆಸರನ್ನೂ ಇವ್ಯಾಲ್ ಫಂಕ್ಷನ್ನಿಗೆ ಕೊಟ್ಟು ಬಂದ ಮೌಲ್ಯವನ್ನು ಅದಕ್ಕೇ ತುಂಬಿ, ಆಮೇಲೆ ರೆಕಾರ್ಡ್‌ಸೆಟ್ ತೆರೆದರೆ ಯಾವ ಕ್ವೆರಿಗೂ ಕೆಲಸ ಮಾಡುತ್ತದೆ. ದಿನಾಂಕವನ್ನು ಕೋಡಿನಲ್ಲೇ ಎಸ್‌ಕ್ಯೂಎಲ್ ಸಾಲಾಗಿ ಕಟ್ಟುವವರು ಇನ್ನೊಂದನ್ನು ನೆನಪಿಡಬೇಕು: ನಮ್ಮ ವಿಂಡೋಸ್ ದಿನ-ತಿಂಗಳು ಎಂದು ತೋರಿಸಿದರೂ # ಗುರುತುಗಳ ನಡುವಿನ ದಿನಾಂಕವನ್ನು ಅಕ್ಸೆಸ್ ತಿಂಗಳು-ದಿನವೆಂದೇ ಓದುತ್ತದೆ, ಆದ್ದರಿಂದ ಏಪ್ರಿಲ್ 3 ಎಂದು ಬರೆದದ್ದು ಮಾರ್ಚ್ 4 ಆಗುತ್ತದೆ. 13ನೆಯ ತಾರೀಖಿನಿಂದ ಮುಂದೆ ಸರಿಯಾಗಿಯೇ ಬರುವುದರಿಂದ ಈ ತಪ್ಪು ಅರ್ಧ ತಿಂಗಳು ಅಡಗಿ ಕೂರುತ್ತದೆ. ವರ್ಷ-ತಿಂಗಳು-ದಿನ ಕ್ರಮದಲ್ಲಿ ಕೊಟ್ಟರೆ ಗೊಂದಲವಿಲ್ಲ.

ಬ್ಯಾಂಕ್ ಖಾತೆ ಸಂಖ್ಯೆಯ ಕಾಲಮ್ಮಿಗೆ ಮಾಹಿತಿ ಇಳಿಸುವ ಮೊದಲೇ ಪಠ್ಯದ ಸ್ವರೂಪವಾದ @ ಹಾಕಿಸಿದೆ. ಎಕ್ಸೆಲ್ ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮುಂದಿನವನ್ನು ಸೊನ್ನೆ ಮಾಡುತ್ತದೆ, ಮುಂದಿರುವ ಸೊನ್ನೆಗಳನ್ನಂತೂ ನುಂಗಿಯೇಬಿಡುತ್ತದೆ; ಒಂದು ಅಂಕಿ ತಪ್ಪಿದರೆ ದುಡ್ಡು ಬೇರೆಯವರ ಖಾತೆಗೆ.

ಹಣದ ಕಾಲಂ ಬೇರೆಯದೇ ಕೆಲಸ ಕೊಟ್ಟಿತು. ಒಂದು ಕಂಪ್ಯೂಟರಿನ ವಿಂಡೋಸ್ ಭಾರತದ ಪ್ರದೇಶಕ್ಕೆ ಹೊಂದಿಕೊಂಡಿತ್ತು, ಇನ್ನೊಂದು ಅಮೆರಿಕಕ್ಕೆ. ಸಾಧಾರಣ ಅಲ್ಪವಿರಾಮದ ಸ್ವರೂಪ ಮೊದಲನೆಯದರಲ್ಲಿ 12,45,600 ಎಂದು ತೋರಿಸಿದರೆ ಎರಡನೆಯದರಲ್ಲಿ 1,245,600 ಎನ್ನುತ್ತದೆ, ಮತ್ತು ಲಕ್ಷ-ಕೋಟಿಯಲ್ಲಿ ಓದುವ ಕಣ್ಣಿಗೆ ಅದು ಒಂದು ಕ್ಷಣ ದಿಕ್ಕು ತಪ್ಪಿಸುತ್ತದೆ. ಎಲ್ಲ ಕಡೆಗೂ ಒಂದೇ ಬಗೆಯಾಗಿ ಕಾಣಲು ಕೋಡಿನಿಂದಲೇ ಈ ಸ್ವರೂಪ ಹಾಕಿದೆ:

[>=10000000]##\,##\,##\,##0;[>=100000]##\,##\,##0;##,##0

ಕೋಟಿ ದಾಟಿದ್ದಕ್ಕೆ ಮೊದಲ ಭಾಗ, ಲಕ್ಷ ದಾಟಿದ್ದಕ್ಕೆ ಎರಡನೆಯದು, ಉಳಿದದ್ದಕ್ಕೆ ಮೂರನೆಯದು. ಹಿಂಬದಿ ಗೀಟು (\) ಅಲ್ಪವಿರಾಮವನ್ನು ಬರಿಯ ಅಕ್ಷರವೆಂದು ಪರಿಗಣಿಸಲು ಹೇಳುತ್ತದೆ. ಷರತ್ತುಗಳು ಎರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲವಾದ್ದರಿಂದ ಋಣ ಸಂಖ್ಯೆಗಳು ಮೂರನೆಯ ಭಾಗಕ್ಕೇ ಬೀಳುತ್ತವೆ. ಬಾಕಿ ಮತ್ತು ಮುಂಗಡಗಳಿಗೆ ಬೇರೆ ಬೇರೆ ಕಾಲಂ ಇಟ್ಟದ್ದರಿಂದ ಈ ಹಾಳೆಯಲ್ಲಿ ಅದು ಅಡ್ಡಿಯಾಗಲಿಲ್ಲ.

ನನಗೆ ಹೆಚ್ಚು ಹೊತ್ತು ಹಿಡಿದದ್ದು ಕನ್ನಡ. ವಿಬಿಎ ಬರೆಯುವ ಕಿಟಕಿ ಯೂನಿಕೋಡ್ ಅರಿಯದು. ಕೋಡಿನೊಳಗೆ ಉದ್ಧರಣ ಚಿಹ್ನೆಗಳ ನಡುವೆ ‘ಒಣದ್ರಾಕ್ಷಿ’ ಎಂದು ಅಂಟಿಸಿದರೆ ಹತ್ತು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಹತ್ತು ಏಕೆಂದರೆ ಒತ್ತಕ್ಷರ, ಹಲಂತ, ಕಾಗುಣಿತದ ಚಿಹ್ನೆಗಳನ್ನೆಲ್ಲ ಬಿಡಿಸಿದರೆ ಆ ಪದದಲ್ಲಿ ಹತ್ತು ಸಂಕೇತಗಳಿವೆ. ಅಕ್ಷರದ ಸಂಖ್ಯೆ ಕೊಟ್ಟು ಒಂದೊಂದನ್ನೇ ಜೋಡಿಸುವ ಫಂಕ್ಷನ್ ಇದೆ, ಅದರಲ್ಲಿ ‘ಕ’ ಎಂದರೆ 3221; ಆದರೆ ಹೀಗೆ ಬರೆದ ಶೀರ್ಷಿಕೆಯನ್ನು ಮುಂದೆ ಯಾರೂ ಓದಿ ತಿದ್ದಲಾರರು. ಅಕ್ಸೆಸ್‌ನ ಟೇಬಲ್ಲುಗಳೂ ಎಕ್ಸೆಲ್ಲಿನ ಹಾಳೆಯೂ ಯೂನಿಕೋಡನ್ನು ಚೆನ್ನಾಗಿ ಹಿಡಿಯುತ್ತವೆ, ನಡುವಿನ ಕೋಡಿನ ಕಿಟಕಿ ಮಾತ್ರ ಹಿಡಿಯುವುದಿಲ್ಲ. ಹೀಗಾಗಿ ಕನ್ನಡದ ಒಂದು ಅಕ್ಷರವೂ ಕೋಡಿನಲ್ಲಿ ಇರಬಾರದೆಂದು ತೀರ್ಮಾನಿಸಿ, ಸ್ಥಿರವಾದ ಶೀರ್ಷಿಕೆ, ಕಾಲಂ ಹೆಸರು, ಅಗಲ, ಗೆರೆ, ಮುದ್ರಣದ ಅಂಚುಗಳನ್ನೆಲ್ಲ ಎಕ್ಸೆಲ್ ಟೆಂಪ್ಲೇಟಿನಲ್ಲಿ ಇಟ್ಟೆ; ಬದಲಾಗುವ ಪದಗಳನ್ನು ಅಕ್ಸೆಸ್‌ನ ಒಂದು ಟೇಬಲ್ಲಿನಲ್ಲಿ ಇಟ್ಟೆ. ಕೋಡು ಟೆಂಪ್ಲೇಟಿನ ವಿಳಾಸವನ್ನು ವರ್ಕ್‌ಬುಕ್ಸ್‌ನ ಆ್ಯಡ್‌ಗೆ ಕೊಟ್ಟು ಹೊಸ ಪ್ರತಿ ತೆಗೆಯುತ್ತದೆ, ಮೂಲ ಹಾಳೆಗೆ ಕೈ ಹಾಕುವುದಿಲ್ಲ. ಮಾಹಿತಿ ಆರಂಭವಾಗುವ ಸೆಲ್ಲಿಗೂ ಒಂದು ಹೆಸರು ಕೊಟ್ಟಿರುವುದರಿಂದ, ಮಾಲೀಕರು ಮೇಲೆ ಲಾಂಛನ ಸೇರಿಸಿ ಎರಡು ಸಾಲು ಕೆಳಗಿಳಿಸಿದರೂ ಕೋಡು ತಪ್ಪುವುದಿಲ್ಲ.

ಹಳೆಯ ಟೇಬಲ್ಲಿನಲ್ಲಿ ಬೆಳೆಗಾರರ ಹೆಸರುಗಳು ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ, ಸಾಂಗಲಿಯ ವ್ಯಾಪಾರಿಯ ಕಂಪ್ಯೂಟರಿನಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಪರಿವರ್ತಕದಿಂದ ಎಲ್ಲವನ್ನೂ ಒಮ್ಮೆ ಯೂನಿಕೋಡಿಗೆ ತಂದು, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದ ಪರಿಶೀಲಿಸಿದೆವು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಮಲ್ಲಿಕಾರ್ಜುನ ಎಂಬ ಹೆಸರು ಎಲ್ಲ ಬಗೆಯ ಪರೀಕ್ಷೆಗೂ ಅನುಕೂಲ: ಅದರಲ್ಲಿ ಒತ್ತಕ್ಷರವೂ ಇದೆ, ಅರ್ಕಾವತ್ತೂ ಇದೆ. ಅದೇ ಹೆಸರು ಇನ್ನೊಂದು ಮಿತಿಯನ್ನೂ ತೋರಿಸಿತು. ಎಕ್ಸೆಲ್ಲಿನ ಹಾಳೆಯ ಹೆಸರು 31 ಸಂಕೇತ ಮೀರುವಂತಿಲ್ಲ. ಐದು ಅಕ್ಷರದ ಮಲ್ಲಿಕಾರ್ಜುನ 12 ಸಂಕೇತ ತಿನ್ನುತ್ತದೆ, ತಂದೆಯ ಹೆಸರು, ಅಡ್ಡಹೆಸರು ಸೇರಿದರೆ ಮುಗಿಯಿತು. ಲಾಟ್ ಸಂಖ್ಯೆಯಲ್ಲಿ ಓರೆಗೀಟು ಇರುವುದರಿಂದ ಅದನ್ನೂ ಹಾಳೆಗೆ ಇಡಲು ಬರುವುದಿಲ್ಲ. ಖಾತೆಯ ಕ್ರಮಸಂಖ್ಯೆಯನ್ನೇ ಹಾಳೆಯ ಹೆಸರು ಮಾಡಿದೆ.

ಮುಚ್ಚುವ ಭಾಗವನ್ನು ಪೂರ್ತಿ ಹೊಸದಾಗಿ ಬರೆದೆ. ಬಳಕೆದಾರರು ತೆರೆದಿಟ್ಟ ಎಕ್ಸೆಲ್ಲನ್ನು ಗೆಟ್‌ಆಬ್ಜೆಕ್ಟ್ ಮೂಲಕ ಹಿಡಿಯುವುದು ಬೇಡವೆಂದು ಬಿಟ್ಟೆ. ಅವರು ಒಂದು ಸೆಲ್ಲಿನಲ್ಲಿ ಟೈಪ್ ಮಾಡುತ್ತ ಕುಳಿತಿದ್ದರೆ ಎಕ್ಸೆಲ್ ನಮ್ಮ ಕರೆಯನ್ನು ತಿರಸ್ಕರಿಸುತ್ತದೆ, ಕೊನೆಯಲ್ಲಿ ಕ್ವಿಟ್ ಹೇಳಿದರೆ ಅವರ ಕೆಲಸವೂ ಮುಚ್ಚುತ್ತದೆ. ಕ್ರಿಯೇಟ್‌ಆಬ್ಜೆಕ್ಟ್ ಪ್ರತಿ ಸಲ ತನ್ನದೇ ಎಕ್ಸೆಲ್ ತೆರೆಯುತ್ತದೆ. ಅದು ತೆರೆಮರೆಯಲ್ಲಿ ಓಡುವುದರಿಂದ ಎಚ್ಚರಿಕೆಯ ಪ್ರಶ್ನೆಗಳನ್ನು ತೋರಿಸುವ ಡಿಸ್‌ಪ್ಲೇಅಲರ್ಟ್ಸ್ ಅನ್ನು ಆಫ್ ಮಾಡಿಡಬೇಕು, ಇಲ್ಲವಾದರೆ ಉಳಿಸಬೇಕೇ ಎಂಬ ಪ್ರಶ್ನೆ ಯಾರಿಗೂ ಕಾಣದ ಕಿಟಕಿಯಲ್ಲಿ ಬಂದು ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ. ನಡುವೆ ದೋಷ ಬಂದರೂ ಕೋಡು ಒಂದೇ ಬಾಗಿಲಿನಿಂದ ಹೊರಬೀಳುವಂತೆ ಮಾಡಿದೆ: ರೆಕಾರ್ಡ್‌ಸೆಟ್ ಮುಚ್ಚಿ, ವರ್ಕ್‌ಬುಕ್ಕನ್ನು ಉಳಿಸದೆ ಮುಚ್ಚಿ, ಆ ಎಕ್ಸೆಲ್ಲಿಗೆ ಕ್ವಿಟ್ ಹೇಳಿ, ಹಾಳೆ, ವರ್ಕ್‌ಬುಕ್, ಎಕ್ಸೆಲ್ ಈ ಕ್ರಮದಲ್ಲಿ ನಥಿಂಗ್ ಕೊಡುವುದು. ಪಟ್ಟಿಯನ್ನು ತೆರೆಯ ಮೇಲೆ ನೋಡಬೇಕೆನ್ನುವವರಿಗೆ ಬೇರೆ ಬಟನ್ ಇದೆ. ಅಲ್ಲಿ ಕ್ವಿಟ್ ಇಲ್ಲ, ವಿಸಿಬಲ್ ಮತ್ತು ಯೂಸರ್‌ಕಂಟ್ರೋಲ್ ಎರಡನ್ನೂ ಟ್ರೂ ಮಾಡಿ ಎಕ್ಸೆಲ್ಲನ್ನು ಅವರ ಕೈಗೆ ಬಿಟ್ಟು ಕೋಡು ಹಿಂದೆ ಸರಿಯುತ್ತದೆ.

ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿಟ್ಟುಕೊಂಡು ಅಕ್ಸೆಸ್ ಮುಚ್ಚದೆ ಮತ್ತೆ ಮತ್ತೆ ಒತ್ತಿದರೂ ಈಗ ಎಕ್ಸೆಲ್ ಬಂದು ಹೋಗುತ್ತದೆ, ಉಳಿಯುವುದಿಲ್ಲ. ಕೋಡನ್ನು ಯಾರೂ ನೋಡಿ ತಿದ್ದಲಾಗದ ಎಸಿಸಿಡಿಇ ಕಡತದ ರೂಪದಲ್ಲಿ ಕೊಡಬೇಕೆಂಬ ಬೇಡಿಕೆ ಇತ್ತು. 64 ಬಿಟ್‌ನಲ್ಲಿ ತಯಾರಿಸಿದ ಅಂಥ ಕಡತ 32 ಬಿಟ್ ಅಕ್ಸೆಸ್‌ನಲ್ಲಿ ತೆರೆಯುವುದಿಲ್ಲವಾದ್ದರಿಂದ, ಎರಡು ಬಗೆಯ ಕಂಪ್ಯೂಟರ್ ಇರುವವರೆಗೆ ಸಾಮಾನ್ಯ ಎಸಿಸಿಡಿಬಿಯಲ್ಲೇ ಬಿಟ್ಟು, ಅದಿರುವ ಫೋಲ್ಡರನ್ನು ಎರಡೂ ಕಡೆ ಅಕ್ಸೆಸ್‌ನ ಟ್ರಸ್ಟೆಡ್ ಲೊಕೇಶನ್ (ಕೋಡನ್ನು ತಡೆಯದೆ ಓಡಿಸುವ ನಂಬಿಕೆಯ ಜಾಗ) ಪಟ್ಟಿಗೆ ಸೇರಿಸಿ ಬಂದಿದ್ದೇನೆ.